ಕಾಮಾಲೆ ಎಂದು ಬರೆದ ಕಾಗದ

ಬನ್ಸಿನ ಹಿಟ್ಟನ್ನು ಹಿಂದಿನ ಸಂಜೆಯೇ ಕಲಸಿಟ್ಟಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಅದು ಉಬ್ಬಿಕೊಂಡು, ಹಣ್ಣಾದ ಬಾಳೆಯ ಹುಳಿವಾಸನೆ ಅಡುಗೆಮನೆ ತುಂಬ ಹರಡಿತು. ನಮ್ಮವರು ಐದಕ್ಕೇ ಹೋಟೆಲಿಗೆ ಹೋಗಿದ್ದರು. ಹಾಲು ಕಾಯಲಿಟ್ಟು, ಬಾಲ್ಕನಿಯ ಕರಿಬೇವಿಗೆ ನೀರು ಹಾಕಿ, ಬಾಗಿಲಲ್ಲಿ ಬಿದ್ದಿದ್ದ ಮರಾಠಿ ಪೇಪರು ಎತ್ತಿಕೊಂಡೆ. ಮೊದಲ ಪುಟದಲ್ಲಿ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಬಿಳಿ ಪೊಟ್ಟಣಗಳು, ಹಿಂದೆ ನಿಂತ ಪೊಲೀಸರು, ನಡುವೆ ಮುಸುಕು ಹಾಕಿದ ಮೂವರು. ಇಂಥ ಚಿತ್ರ ಈಗ ಆಗಾಗ ಬರುತ್ತದೆ. ಮೊದಲೆಲ್ಲ ಪುಟ ಮಗುಚಿಬಿಡುತ್ತಿದ್ದೆ. ಈಗ ಮುಸುಕಿನವರ ಕಾಲಿನ ಚಪ್ಪಲಿಗಳನ್ನೂ ನೋಡುತ್ತೇನೆ. ಒಬ್ಬನ ಚಪ್ಪಲಿಯ ಪಟ್ಟಿಗೆ ಸೇಫ್ಟಿ ಪಿನ್ ಚುಚ್ಚಿತ್ತು.

ಏಳು ಬನ್ಸ್ ಕರಿದು ಸ್ಟೀಲ್ ಡಬ್ಬಿಗೆ ಹಾಕಿದೆ. ತಮ್ಮನಿಗೆ ಬನ್ಸ್ ಎಂದರೆ ಜೀವ. ಅವನು ಪುಣೆಯ ಯೆರವಡಾ ಜೈಲಿಗೆ ಹೋಗಿ ಎರಡು ತಿಂಗಳಾಗಿತ್ತು. ಅವತ್ತು ಶಿವಾಜಿನಗರದ ಕೋರ್ಟಿನಲ್ಲಿ ಅವನ ಜಾಮೀನಿನ ವಿಚಾರಣೆ.

ಎಣ್ಣೆ ಇನ್ನೂ ಆರಿರಲಿಲ್ಲ, ಎದುರು ಮನೆಯವಳು ಬಾಗಿಲು ತಟ್ಟಿದಳು. ಕಲಬುರಗಿ ಕಡೆಯವಳು; ಗಂಡನಿಗೆ ಪಿಂಪ್ರಿಯ ಕಾರ್ಖಾನೆಯಲ್ಲಿ ಕೆಲಸ. ನಿಗಡಿಯ ಈ ಕಟ್ಟಡದಲ್ಲಿ ನಾವು ಎರಡೇ ಕನ್ನಡದ ಮನೆಗಳು, ಅವಳ ಕನ್ನಡ ಒಂದು, ನನ್ನ ಕಡಲ ಕಡೆಯ ಕನ್ನಡ ಇನ್ನೊಂದು. ಅವಳ ಕೈಯಲ್ಲಿ ಸುರುಳಿ ಸುತ್ತಿದ ದಪ್ಪ ಹಾಳೆಯಿತ್ತು.

"ಅಕ್ಕಾರ, ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ. ನಮ್ಮ ಹುಡುಗಿ ಸಾಲ್ಯಾಗ ಚಿತ್ರದ ಸ್ಪರ್ಧಾ ಇಟ್ಟಾರ. ಪೊಲೀಸ್ ಸಾಹೇಬ್ರು ಬರ್ತಾರಂತ. ಮ್ಯಾಲ ಒಂದು ಸಾಲು ಬರದು ಕೊಡ್ರಿ."

ಹಾಳೆಯಲ್ಲಿ ಒಂದು ತಲೆಬುರುಡೆ, ಅದರ ಹಲ್ಲುಗಳ ನಡುವೆ ಸೂಜಿ. ಬುರುಡೆಗೆ ಹುಡುಗಿ ಮುದ್ದಾದ ರೆಪ್ಪೆಗೂದಲು ಬರೆದಿದ್ದಳು. ನಾನು ಸ್ಕೇಲಿಟ್ಟು ಗೆರೆ ಎಳೆದು, ಕೆಂಪು ಸ್ಕೆಚ್ ಪೆನ್ನಿನಿಂದ, ನಶೆ ಮಾಡುವವನು ಸಮಾಜದ ಶತ್ರು ಎಂದು ಮರಾಠಿಯಲ್ಲಿ ಬರೆದುಕೊಟ್ಟೆ. ಶಾಲೆಯವರು ಕೊಟ್ಟ ಸಾಲು ಅದು.

"ಎಷ್ಟ್ ನೆಟ್ಟಗ ಬರದೀರ್ರಿ! ಪೇಟೆಗೆ ಹೊಂಟೀರೇನು?"

"ಹೌದು, ಸ್ವಲ್ಪ ಕೆಲಸ ಇತ್ತು" ಎಂದೆ. ತಮ್ಮ ಮುಂಬಯಿಯಲ್ಲಿ ನೆಂಟರ ಹೋಟೆಲು ನೋಡಿಕೊಳ್ಳುತ್ತಿದ್ದಾನೆ ಎಂದು ಕಟ್ಟಡಕ್ಕೆಲ್ಲ ಹೇಳಿಟ್ಟಿದ್ದೆವು. ಅವಳು ಒಮ್ಮೆ ಡಬ್ಬಿಯ ಕಡೆ, ಒಮ್ಮೆ ಬಾಣಲೆಯ ಕಡೆ ನೋಡಿ, ಹಾಳೆಯ ಮೇಲೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಹೋದಳು.

ಆಮೇಲೆ ಕಪಾಟಿನಿಂದ ಹಸಿರು ಫೈಲು ತೆಗೆದೆ. ಕಾನ್ವೆಂಟಿನಲ್ಲಿ ಓದಿದ್ದರಿಂದಲೋ ಏನೋ, ನಮ್ಮ ಮನೆಯ ಯಾವ ಕಾಗದವೂ ಕಳೆಯುವುದಿಲ್ಲ. ವರ್ಷದ ಪ್ರಕಾರ ಚೀಟಿ ಅಂಟಿಸಿಟ್ಟಿರುತ್ತೇನೆ. ನಾಲ್ಕು ವರ್ಷ ಹಿಂದಿನ ನರ್ಸಿಂಗ್ ಹೋಮಿನ ಕಾಗದ ಅಲ್ಲೇ ಇತ್ತು. ದಾಖಲಾತಿಯ ಅರ್ಜಿಯಲ್ಲಿ 'ತೊಂದರೆ' ಎಂಬುದರ ಮುಂದೆ ನನ್ನದೇ ಕೈಬರಹ: ಕಾಮಾಲೆ. ಅಕ್ಷರ ಒಂಚೂರೂ ನಡುಗಿರಲಿಲ್ಲ.

ಅದು ಕಾಮಾಲೆ ಆಗಿರಲಿಲ್ಲ. ಹೋಟೆಲಿನ ಕೌಂಟರಿನಲ್ಲಿ ಬೆಳಗಿನಿಂದ ನಿಂತೇ ಇರುವವನಿಗೆ ಯಾರೋ ಗಿರಾಕಿ, ಆಯಾಸ ಗೊತ್ತಾಗುವುದಿಲ್ಲ ಎಂದು ಒಂದು ಚಿಟಿಕೆ ಬಿಳಿ ಪುಡಿ ಕೊಟ್ಟಿದ್ದ. ಒಂದು ವರ್ಷದೊಳಗೆ ಅದಿಲ್ಲದೆ ತಮ್ಮನಿಗೆ ಶರ್ಟಿನ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ನಾನೇ ಅವನನ್ನು ಕರೆದುಕೊಂಡು ಹೋಗಿ ಸೇರಿಸಿದ್ದು. ಅಲ್ಲಿನ ಡಾಕ್ಟರು ವಿದ್ಯಾರ್ಥಿಯಾಗಿದ್ದಾಗಿನಿಂದ ನಮ್ಮ ಹೋಟೆಲಿನಲ್ಲಿ ಊಟ ಮಾಡಿದವರು. "ಡಾಕ್ಟರೇ, ಬೇರೆ ಏನಾದರೂ ಬರೆಯಲಿಕ್ಕೆ ಆಗುತ್ತದಾ?" ಎಂದು ಕೇಳಿದೆ. ಅಮ್ಮ ಆಗ ಇನ್ನೂ ಇದ್ದರು. ಹೋಟೆಲಿನವರ ಮನೆಯ ಹುಡುಗನಿಗೆ ಈ ಚಟ ಎಂದು ಗೊತ್ತಾದರೆ ಭಾನುವಾರ ನಮ್ಮೂರವರ ಸಂಘದ ಸಭೆಯಲ್ಲಿ ಅದೇ ಮಾತು. ಅವನಿಗೆ ಹೆಣ್ಣು ಕೊಡುವವರೂ ಇಲ್ಲ. ನಮ್ಮ ಕಡೆ ಕುಡಿತವನ್ನಾದರೂ ನಕ್ಕು ಮರೆಯುತ್ತಾರೆ, ಇದನ್ನಲ್ಲ. ಡಾಕ್ಟರು ಪೆನ್ನಿನ ಕ್ಯಾಪನ್ನು ತಿರುಗಿಸುತ್ತ, "ಕಾಮಾಲೆ ಅಂತ ಹಾಕಿ" ಎಂದರು, ತಾವೂ ಅದನ್ನೇ ಬರೆದು ಸಹಿ ಹಾಕಿದರು. ನಾನು ತಮ್ಮನ ಕಿವಿಯಲ್ಲಿ ಹೇಳಿದೆ: "ಯಾರು ಕೇಳಿದರೂ ಕಾಮಾಲೆ ಎಂದೇ ಹೇಳಬೇಕು, ಗೊತ್ತಾಯಿತಾ?"

ಅವನು ಮನೆಗೆ ಬಂದ ವಾರ ಸಿಹಿಗೆ, ಕರಿದ ತಿಂಡಿಗೆ ಹಟ ಮಾಡುತ್ತಿದ್ದ. ದಿನ ಬಿಟ್ಟು ದಿನ ಬನ್ಸ್ ಕರಿಯುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಎದುರು ಮನೆಯವಳು ಎಲ್ಲಿಂದಲೋ ನೆಲನೆಲ್ಲಿ ಗಿಡ ಹುಡುಕಿ ತಂದು, ಅರೆದು, ಲೋಟದಲ್ಲಿ ಹಸಿರು ರಸ ತಂದುಕೊಟ್ಟಳು. "ಕಾಮಣಿಗೆ ಇದಕ್ಕಿಂತ ಔಷಧ ಇಲ್ಲ್ರಿ" ಎಂದಳು. ಸಂಕೋಚದಿಂದ ತೆಗೆದುಕೊಂಡೆ. ತಮ್ಮ ಮೂಗು ಹಿಡಿದುಕೊಂಡು ಅದನ್ನು ಕುಡಿದ. ಪಾಪ, ಇಲ್ಲದ ಕಾಯಿಲೆಯ ಔಷಧ.

ಅದೇ ಫೈಲಿನಲ್ಲಿ ನೀಲಿ ಲಕೋಟೆಯೊಂದಿತ್ತು. ಕಾನ್ವೆಂಟಿನಲ್ಲಿ ನನಗೆ ಅಕ್ಷರ ಕಲಿಸಿದ ಸಿಸ್ಟರ್ ಬರೆದದ್ದು. ಅವರು ಐರ್ಲೆಂಡಿನವರು. ನಾವು ಮಕ್ಕಳು ಸಾಲಿನಲ್ಲಿ ಹೋಗುವಾಗ ಹಿಂದಿನಿಂದ ಬಂದು ನಮ್ಮ ಜಡೆಯ ರಿಬ್ಬನ್ನು ಮೆತ್ತಗೆ ಬಿಗಿ ಮಾಡುತ್ತಿದ್ದರು. ವಯಸ್ಸಾದ ಮೇಲೆ ತಮ್ಮ ದೇಶಕ್ಕೆ ಮರಳಿದರು. ಕ್ರಿಸ್‌ಮಸ್ಸಿಗೊಂದು ಕಾಗದ ತಪ್ಪದೆ ಬರುತ್ತಿತ್ತು. ನನ್ನ ತಮ್ಮ ಆಸ್ಪತ್ರೆಯಲ್ಲಿದ್ದ ವರ್ಷದ ಕಾಗದದಲ್ಲಿ ಮಾತ್ರ, ಮೂವತ್ತು ವರ್ಷಗಳಲ್ಲಿ ಎಂದೂ ಹೇಳದ್ದನ್ನು ಬರೆದಿದ್ದರು. ಅವರ ಅಕ್ಕನ ಮಗ ಡಬ್ಲಿನ್ನಿನ ಬಡವರ ಫ್ಲಾಟುಗಳಲ್ಲಿ ಬೆಳೆದವನು. ಹೆರಾಯಿನ್ ಆ ಓಣಿಗೆ ಬಂದಾಗ ಮನೆಗೊಬ್ಬರಂತೆ ಹುಡುಗರು ಅದಕ್ಕೆ ಬಿದ್ದರು. ಸರಕಾರಕ್ಕೆ ಅದು ಬಹಳ ವರ್ಷ ಕಾಣಿಸಲೇ ಇಲ್ಲ. ಬಂದರೆ ಪೊಲೀಸರು ಬರುತ್ತಿದ್ದರು, ಯಾರನ್ನಾದರೂ ಎಳೆದುಕೊಂಡು ಹೋಗುತ್ತಿದ್ದರು. ಕೊನೆಗೆ ತಾಯಂದಿರೇ ಬೀದಿಗಿಳಿದು ಮೆರವಣಿಗೆ ಹೋದರು. ಆಮೇಲೆ ಸಮಿತಿಗಳಾದವು, ಕ್ಲಿನಿಕ್ಕು ಆಗಬೇಕೆಂದಾಯಿತು, ನಮ್ಮ ಓಣಿಯಲ್ಲಿ ಬೇಡ ಎಂದು ಪ್ರತಿ ಓಣಿಯವರೂ ತಡೆದರು. ಕೊನೆಗೆ ಕ್ಲಿನಿಕ್ಕಿನ ಬದಲು ಒಂದು ಬಸ್ಸು ಬಂದು ನಿಲ್ಲುತ್ತಿತ್ತಂತೆ. ಹುಡುಗರು ಸಾಲಾಗಿ ನಿಂತು ಹೆರಾಯಿನ್ನಿಗೆ ಬದಲಾಗಿ ಕೊಡುವ ಹಸಿರು ಔಷಧವನ್ನು ಚಿಕ್ಕ ಲೋಟದಲ್ಲಿ ಕುಡಿದು ಹೋಗುತ್ತಿದ್ದರಂತೆ. ಆ ಬಸ್ಸು ಬರುವ ಹೊತ್ತಿಗೆ ಅಕ್ಕನ ಮಗ ಇರಲಿಲ್ಲ. ಅವನ ಎದೆ ಹಾಳಾಗಿತ್ತು ಎಂದು ಮನೆಯವರು ಊರಿಗೆಲ್ಲ ಹೇಳಿದ್ದರು. ನಾನೂ ಪುಣೆಯ ಶಾಲೆಯಲ್ಲಿ, ಪ್ರಾರ್ಥನೆಯ ಹೊತ್ತಿನಲ್ಲಿ, ಅವನ ಎದೆಗಾಗಿ ಪ್ರಾರ್ಥಿಸಿ ಎಂದೇ ಕೇಳಿಕೊಂಡಿದ್ದೆ, ದೇವರಿಗೂ ಸುಳ್ಳು ಹೇಳಿದೆ, ಎಂದು ಬರೆದಿದ್ದರು.

ನನಗೆ ನೆನಪಿತ್ತು ಆ ಪ್ರಾರ್ಥನೆ. ನಾವು ಮಕ್ಕಳೆಲ್ಲ ಕಣ್ಣು ಮುಚ್ಚಿ ಯಾರೋ ಅಣ್ಣನ ಎದೆಗಾಗಿ ಕೈ ಜೋಡಿಸಿದ್ದೆವು.

ಅಂಥ ಕಾಗದಕ್ಕೆ ನಾನು ಏನು ಉತ್ತರ ಬರೆದೆ? ಮರುಗಿದ್ದೇನೆ, ಪ್ರಾರ್ಥಿಸುತ್ತೇನೆ, ನಾವಿಲ್ಲಿ ಕ್ಷೇಮ, ತಮ್ಮನಿಗೆ ಸ್ವಲ್ಪ ಕಾಮಾಲೆ ಎಂದು ಬರೆದೆ. ಅವನ ಲಿವರಿಗಾಗಿ ದಿನವೂ ಪ್ರಾರ್ಥಿಸುತ್ತಿದ್ದೇನೆ ಎಂದು ಸಿಸ್ಟರ್ ಒಂದು ಕಾರ್ಡು ಕಳಿಸಿದರು. ಅದೇ ಕೊನೆಯದು.

ಆಕುರ್ಡಿಯಿಂದ ಲೋಕಲ್ ರೈಲು ಹಿಡಿದು ಹತ್ತೂವರೆಗೆ ಕೋರ್ಟು ತಲುಪಿದೆ. ವಕೀಲೆ ವರಾಂಡದಲ್ಲೇ ಸಿಕ್ಕರು. ಮರಾಠಿಯವರು, ನನಗೆ ಮಗಳಾಗುವ ವಯಸ್ಸು, ಆದರೂ ನನಗೆ ಸಮಾಧಾನ ಹೇಳುವಾಗ ದೊಡ್ಡವರಾಗಿಬಿಡುತ್ತಾರೆ. ಬಿಟ್ಟ ಚಟ ಮತ್ತೆ ಹತ್ತಿತ್ತು; ತಮ್ಮನ ಸ್ಕೂಟರಿನಲ್ಲಿ ಪೊಲೀಸರಿಗೆ ಸಿಕ್ಕ ಪುಡಿ ಸ್ವಂತಕ್ಕೆ ಎಂದರೆ ಹೆಚ್ಚು, ಮಾರಲಿಕ್ಕೆ ಎಂದರೆ ಕಡಿಮೆ. ಮಾರುವವನು ಎಂದು ಪೊಲೀಸರ ವಾದ. ಅವನು ರೋಗಿ, ಹಿಂದೆಯೇ ಚಿಕಿತ್ಸೆ ಪಡೆದವನು ಎಂದು ತೋರಿಸಿದರೆ, ಜೈಲಿನ ಬದಲು ವ್ಯಸನ ಬಿಡಿಸುವ ಕೇಂದ್ರಕ್ಕೆ ಕಳಿಸಿ ಎಂದು ಕೇಳಲು ದಾರಿಯಿದೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ಒಂದು ಆಸ್ಪತ್ರೆಯ ಕಾಗದ ಸಾಕು ಎಂದಿದ್ದರು. ಇದೆ, ತರುತ್ತೇನೆ ಎಂದು ನಾನೂ ಹೇಳಿಬಿಟ್ಟಿದ್ದೆ. ಮೂರು ದಿನದ ಹಿಂದೆ ಡಾಕ್ಟರಿಗೆ ಫೋನು ಮಾಡಿ, ಈಗ ನಿಜ ಬರೆದುಕೊಡುತ್ತೀರಾ ಎಂದು ಕೇಳಿದ್ದೆ. "ಅಕ್ಕ, ಅವತ್ತು ಸುಳ್ಳು ಬರೆದೆ ಎಂದು ಇವತ್ತು ಬರೆದುಕೊಟ್ಟರೆ ನನ್ನ ಬಾಗಿಲು ಮುಚ್ಚುತ್ತದೆ" ಎಂದರು. ಕೋಪದಲ್ಲಿ ಹೇಳಲಿಲ್ಲ, ಅಮ್ಮ ತೀರಿಕೊಂಡದ್ದಕ್ಕೂ ಎರಡು ಮಾತಾಡಿದರು.

ವಕೀಲೆ ಕಾಗದ ಓದಿ, ಹಾಳೆ ತಿರುಗಿಸಿ ಹಿಂದೆಯೂ ನೋಡಿದರು. "ತಾಈ, ಇದರಲ್ಲಿ ಕಾಮಾಲೆ ಎಂದಿದೆ."

"ನಾನೇ ಬರೆದದ್ದು. ಕೋರ್ಟಿನಲ್ಲಿ ನಾನೇ ಹೇಳುತ್ತೇನೆ."

"ನೀವು ಅಕ್ಕ. ಅಕ್ಕ ಹೀಗಲ್ಲದೆ ಇನ್ನು ಹೇಗೆ ಹೇಳುತ್ತಾಳೆ ಅನ್ನುತ್ತಾರೆ. ಜೈಲಿಗೆ ಸೇರಿಸಿಕೊಳ್ಳುವಾಗ ಡಾಕ್ಟರು ಕೇಳಿರುತ್ತಾರಲ್ಲ, ಅದರಲ್ಲಿ ಏನಾದರೂ ಇದೆಯಾ ನೋಡೋಣ."

ಅಷ್ಟರಲ್ಲಿ ತಮ್ಮನನ್ನು ಕರೆತಂದರು. ಪೊಲೀಸಿನವನು ಅವನ ಬೆರಳುಗಳೊಳಗೆ ತನ್ನ ಬೆರಳು ಸೇರಿಸಿ ಹಿಡಿದಿದ್ದ. ಕಾನ್ವೆಂಟಿನಲ್ಲಿ ನಾವು ಜೋಡಿ ಜೋಡಿಯಾಗಿ ಹೀಗೇ ನಡೆಯುತ್ತಿದ್ದೆವು. ತಮ್ಮ ತೆಳ್ಳಗಾಗಿದ್ದ. ಕಿವಿಯ ಹಿಂದೆ ಸಾಬೂನಿನ ಬಿಳಿ ಹಾಗೇ ಒಣಗಿತ್ತು. ಪೊಲೀಸಿನವನು ಒಳ್ಳೆಯವನು, ಎರಡು ಮಾತಿಗೆ ಬಿಟ್ಟ.

"ಜೈಲಿನ ಡಾಕ್ಟರು ಕೇಳಿದಾಗ ಏನು ಹೇಳಿದೆ ಮಾರಾಯ? ಚಟ ಇದೆಯಾ ಅಂತ ಕೇಳಿದರಾ?"

"ಕೇಳಿದರು. ಇಲ್ಲ ಅಂದೆ."

"ಅಯ್ಯೋ, ಯಾಕೆ?"

"ಹಿಂದೆ ಏನಾದರೂ ಕಾಯಿಲೆ ಇತ್ತಾ ಅಂದರು. ಕಾಮಾಲೆ ಅಂದೆ." ನನ್ನ ಮುಖ ನೋಡಿ ಅವನಿಗೆ ಗಾಬರಿಯಾಯಿತು. "ನೀನೇ ಹೇಳಿದ್ದಲ್ಲ ಅಕ್ಕ, ಯಾರು ಕೇಳಿದರೂ ಹಾಗೇ ಹೇಳು ಅಂತ."

ನಲವತ್ತು ದಾಟಿದ ಗಂಡಸು. ಜೀವನದಲ್ಲಿ ನನ್ನ ಮಾತು ಒಂದನ್ನಾದರೂ ಪೂರ್ತಿ ನಡೆಸಿಕೊಟ್ಟದ್ದಿದ್ದರೆ ಅದೊಂದೇ.

ಒಳಗೆ ಹತ್ತು ನಿಮಿಷವೂ ಆಗಲಿಲ್ಲ. ಸರಕಾರಿ ವಕೀಲರು ಜೈಲಿನ ವೈದ್ಯಕೀಯ ಹಾಳೆಯನ್ನು ಓದಿದರು: ಯಾವುದೇ ವ್ಯಸನವಿಲ್ಲ, ಹಿಂದೊಮ್ಮೆ ಕಾಮಾಲೆ. ನಮ್ಮ ವಕೀಲೆ ಆದಷ್ಟು ಹೇಳಿದರು. ನ್ಯಾಯಾಧೀಶರು ಕನ್ನಡಕ ತೆಗೆದು, ಚಿಕಿತ್ಸೆಗೆ ಕಳಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಈತ ರೋಗಿ ಎಂಬುದಕ್ಕೆ ತಮ್ಮ ಮುಂದೆ ಏನಿದೆ ಎಂದು ಕೇಳಿದರು. ಏನೂ ಇರಲಿಲ್ಲ. ಜಾಮೀನು ಸಿಗಲಿಲ್ಲ. ತಮ್ಮ ಹೊರಟಾಗ ಡಬ್ಬಿ ಎತ್ತಿ ತೋರಿಸಿದೆ. ಹೊರಗಿನ ತಿಂಡಿ ಕೊಡುವ ಹಾಗಿಲ್ಲ ಎಂದು ಪೊಲೀಸಿನವನು ತಲೆಯಾಡಿಸಿದ. ತಮ್ಮ ಡಬ್ಬಿಯ ಕಡೆ ನೋಡಿ ನಕ್ಕ, ಚಿಕ್ಕವನಿದ್ದಾಗ ವಾಸನೆ ಹಿಡಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದ ಹಾಗೆ.

ಮೆಟ್ಟಿಲಿಳಿಯುವಾಗ ವಕೀಲೆ ಹೇಳಿದರು: "ಮತ್ತೆ ಅರ್ಜಿ ಹಾಕೋಣ. ನೀವು ನಡೆದದ್ದನ್ನೆಲ್ಲ ಬರೆದು ಪ್ರಮಾಣ ಮಾಡಿ. ಆದರೆ ಮನೆಯವರಲ್ಲದ ಒಬ್ಬರು ಬೇಕು. ಆಗ ಅವನ ಸ್ಥಿತಿ ಕಣ್ಣಾರೆ ಕಂಡವರು, ಅಕ್ಕಪಕ್ಕದವರು ಯಾರಾದರೂ ಇದ್ದಾರಾ?"

"ಯಾರಿಗೂ ಗೊತ್ತಿಲ್ಲ" ಎಂದೆ. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆ.

ಸಂಜೆ ಐದಕ್ಕೆ ಮನೆಗೆ ಬಂದು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕುಳಿತೆ. ಬಾಗಿಲು ತೆರೆದೇ ಇತ್ತು. ಎದುರು ಮನೆಯವಳು ಸೊಪ್ಪಿನ ಕಟ್ಟು ಹಿಡಿದುಕೊಂಡು ಒಳಗೆ ಬಂದಳು. ಹುಡುಗಿಗೆ ಎರಡನೇ ಬಹುಮಾನವಂತೆ. ಅಕ್ಷರ ಯಾರದು ಎಂದು ಪೊಲೀಸ್ ಸಾಹೇಬರೇ ಕೇಳಿದರಂತೆ. ಅವಳು ನೆಲದ ಮೇಲೆ ಕಾಲು ಚಾಚಿ ಕುಳಿತು ಮೆಂತ್ಯ ಬಿಡಿಸತೊಡಗಿದಳು. ಡಬ್ಬಿ ತೆರೆದು ಅವಳ ಮುಂದಿಟ್ಟೆ. ತಣ್ಣಗಾದ ಏಳು ಬನ್ಸ್.

"ತಮ್ಮ ಮುಂಬಯಿಯಲ್ಲಿಲ್ಲ" ಎಂದೆ. "ಯೆರವಡಾದಲ್ಲಿದ್ದಾನೆ, ಜೈಲಿನಲ್ಲಿ. ಪುಡಿ ತೆಗೆದುಕೊಳ್ಳುತ್ತಿದ್ದ. ಆವಾಗ ಅವನಿಗೆ ಆಗಿದ್ದದ್ದು ಕಾಮಾಲೆ ಅಲ್ಲ. ನಿನಗೂ ಸುಳ್ಳು ಹೇಳಿದೆ."

ಅವಳ ಕೈ ನಿಲ್ಲಲಿಲ್ಲ. ಒಂದು ಕಡ್ಡಿಯಿಂದ ಎಲೆಗಳನ್ನು ಪೂರ್ತಿ ಬಿಡಿಸಿ, ಕಡ್ಡಿಯನ್ನು ಪಕ್ಕಕ್ಕಿಟ್ಟು, ಬನ್ಸ್ ಒಂದನ್ನು ತೆಗೆದು ಎರಡು ಹೋಳು ಮಾಡಿದಳು.

"ನನಗ ಅವತ್ತೇ ಗೊತ್ತಿತ್ತು ತಗೋರಿ ಅಕ್ಕಾರ" ಎಂದಳು, ಬಾಯಿ ತುಂಬಿಕೊಂಡೇ. "ಕಾಮಣಿ ಆದವರಿಗೆ ಯಾರರ ಎಣ್ಣ್ಯಾಗ ಕರದ ಬನ್ಸ್ ತಿನ್ನಸ್ತಾರೇನ್ರಿ?"