ಬಾಗಿಲಿನ ಮೇಲೆ ಬಂದ ದೂರು

ಅವನಿಗೆ ಹೆತ್ತವರು ಇಟ್ಟ ಹೆಸರನ್ನು ಕಟ್ಟಿಕೊಂಡ ಹೆಂಡತಿಯೇ ಮರೆತಿದ್ದಳು. ಎಲ್ಲರಿಗೂ ಅವನು ಬಾಗಿಲಪ್ಪ. ಮಂಚ, ಮೇಜು, ಕುರ್ಚಿ ಮಾಡಿಕೊಡು ಎಂದರೆ ಮುಖ ಹುಳ್ಳಗೆ ಮಾಡಿಕೊಂಡು ಮಾಡುತ್ತಿದ್ದ. ಬಾಗಿಲು ಎಂದರೆ ಮಾತ್ರ ಅವನ ಕೈಗೆ ಹುರುಪು ಬರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿ, ಆಮೇಲೆ ಮನೆಯವರನ್ನು ಮಾತಾಡಿಸುತ್ತಿದ್ದ. ಒಮ್ಮೆ ಸಾವಿನ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಹಣೆಯಿಟ್ಟು ತುಂಬ ಹೊತ್ತು ನಿಂತಿದ್ದ. ಪಾಪ, ಎಷ್ಟು ದುಃಖ ಎಂದು ನಾಲ್ಕು ಜನ ಬೆನ್ನು ಸವರಿದರು. ಅವನು ಒಂದು ಕಣ್ಣು ಮುಚ್ಚಿ ಚೌಕಟ್ಟು ನೆಟ್ಟಗಿದೆಯೋ ಇಲ್ಲವೋ ನೋಡುತ್ತಿದ್ದ.

ಅವನ ಹೆಂಡತಿಗೆ ಹತ್ತಿರದ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ. ಮಾತು ಕಡಿಮೆ. ಮನೆಗೆ ಬಂದ ಮೇಲೆ ದವಾಖಾನೆಯ ಸುದ್ದಿ ಎತ್ತುತ್ತಿರಲಿಲ್ಲ.

ಬೀದಿಯ ಕೊನೆಯಲ್ಲಿ ಮೂರಂತಸ್ತಿನ ಕಟ್ಟಡವೊಂದು ಎದ್ದಾಗ ಒಳಬಾಗಿಲುಗಳನ್ನೆಲ್ಲ ಬಾಗಿಲಪ್ಪನೇ ಮಾಡಿದ. ಜನ ಬಂದು ತುಂಬಿಕೊಂಡರು. ಒಂದು ವರ್ಷವೂ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಆ ಕಟ್ಟಡದ ಗಾರೆ ಮೇಸ್ತ್ರಿ ಇವನ ಶೆಡ್ಡಿಗೆ ಬಂದು, ಬೀಡಿ ಹಚ್ಚಿ, ನಗುತ್ತಾ ಹೇಳಿದ.

"ಏನಪ್ಪಾ, ನಿನ್ನ ಬಾಗಿಲುಗಳು ಹೆಂಗಸರಿಗೆ ಹೊಡೀತಾವಂತೆ. ದವಾಖಾನೆ ಸಾಲಲ್ಲಿ ಕೂತಿದ್ದೆ, ಕಿವಿಯಾರೆ ಕೇಳಿದೆ."

ಬಾಗಿಲಪ್ಪನ ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು. ಕಳ್ಳ ಎಂದಿದ್ದರೆ ಸಹಿಸುತ್ತಿದ್ದ. ಬಾಗಿಲಿನ ಮೇಲೆ ದೂರು!

ಸಂಜೆ ಹೆಂಡತಿಯನ್ನು ಕೇಳಿದ. "ನಮ್ಮ ಬಾಗಿಲು ತಾಗಿ ಜನ ನಿಮ್ಮಲ್ಲಿಗೆ ಬರ್ತಾರಾ?"

ಅವಳು ಕಾಲು ತೊಳೆಯುತ್ತಿದ್ದವಳು ತಲೆ ಎತ್ತಿ ಗಂಡನ ಮುಖ ನೋಡಿದಳು. "ಬರ್ತಾರೆ. ಬಾಗಿಲು ತಾಗಿತು ಅಂತಲೇ ಹೇಳ್ತಾರೆ."

"ಯಾರ್ಯಾರು?"

"ಅದನ್ನ ಹೊರಗೆ ಹೇಳೋ ಹಾಗಿಲ್ಲ. ಬರೀ ನಿಮ್ಮ ಬಾಗಿಲಲ್ಲ ರೀ, ಎಲ್ಲಾರ ಬಾಗಿಲೂ ಹೊಡೀತವೆ."

ತನ್ನ ವೃತ್ತಿಯವರೆಲ್ಲ ಕೆಟ್ಟುಹೋಗಿದ್ದಾರೆ ಎಂದುಕೊಂಡ ಬಾಗಿಲಪ್ಪನಿಗೆ ಸ್ವಲ್ಪ ಸಮಾಧಾನವಾಯಿತು. ಆದರೂ ಬೆಳಗಾಗುತ್ತಲೇ ಹತಾರದ ಚೀಲ ಹೆಗಲಿಗೇರಿಸಿ ಕಟ್ಟಡಕ್ಕೆ ಹೊರಟ.

ಮೊದಲ ಮಹಡಿಯಲ್ಲಿ ಕನ್ನಡಕದ ಅಂಗಡಿಯವನ ಸಂಸಾರ. ಅವನದು ಸಕ್ಕರೆಯಂಥ ಮಾತು. ಗಿರಾಕಿಯ ಕಿವಿಗೆ ಕನ್ನಡಕ ಸಿಕ್ಕಿಸುವಾಗಲೂ ನೋವಾಯಿತೇ ಎಂದು ಕೇಳುವವನು. ಹೆಂಡತಿ ಶಾಲೆಯ ಟೀಚರಮ್ಮ. ಅವಳ ಎಡಗಣ್ಣಿನ ಕೆಳಗೆ ಬದನೆಕಾಯಿ ಬಣ್ಣದ ಕಲೆ.

"ಬಾಗಿಲು ತಾಗಿತು," ಎಂದಳು, ಅವನು ಕೇಳುವ ಮೊದಲೇ.

ಬಾಗಿಲಪ್ಪ ಮಲಗುವ ಕೋಣೆಯ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಎದ್ದ. ಬಗ್ಗಿದ. ಹಿಡಿಕೆಗೆ ತನ್ನ ಕೆನ್ನೆ ತಾಗಿಸಿ ನೋಡಿದ. "ಹಿಡಿಕೆ ಸೊಂಟದ ಎತ್ತರಕ್ಕಿದೆ, ಏಟು ಕಣ್ಣಿಗೆ ಬಿದ್ದಿದೆ. ಮಂಡಿಯೂರಿದ್ರಾ ಟೀಚರಮ್ಮ?"

"ಬಗ್ಗಿದ್ಲು," ಎಂದ ಗಂಡ.

"ಬಗ್ಗಿದ್ರೆ ಹಣೆಗೆ ಬೀಳಬೇಕು ಸ್ವಾಮಿ. ಒಂದು ಕೆಲಸ ಮಾಡೋಣ. ನಾನು ಟೀಚರಮ್ಮ, ಇಲ್ಲಿ ನಿಂತಿರ್ತೀನಿ. ನೀವು ಒಳಗಿಂದ ಬಾಗಿಲು ತಳ್ಳಿ."

ಕನ್ನಡಕದವನು ತಳ್ಳಿದ. ಏನೂ ತಾಗಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಹೊರಗೆ ನಿಂತವರಿಗೆ ತಾಗುವುದಾದರೂ ಹೇಗೆ? ಬಾಗಿಲಪ್ಪ ಒಳಗೆ ಹೋಗಿ ನಿಂತ, ಇವನನ್ನು ಹೊರಗೆ ಕಳಿಸಿದ. ಮತ್ತೆ ತಳ್ಳಿಸಿದ. "ಸ್ವಲ್ಪ ಜೋರಾಗಿ, ಅವತ್ತು ತಳ್ಳಿದ ಹಾಗೆ," ಎಂದ. ಕನ್ನಡಕದವನ ಕಿವಿ ಕೆಂಪಾದವು. ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳುವಿಗೋ ನಗುವಿಗೋ ತಿಳಿಯಲಿಲ್ಲ.

"ಬಾಗಿಲು ಸ್ವಲ್ಪ ಬಿಗಿ ಇದೆ," ಎಂದಳು ಆಮೇಲೆ. ಮಾತು ಬಡಗಿಯ ಜೊತೆ, ಕಣ್ಣು ಗಂಡನ ಮೇಲೆ. "ತಗೊಂಡು ಹೋಗಿ ಸರಿ ಮಾಡಿ ಬಾಗಿಲಪ್ಪನೋರೆ. ಅವಸರ ಏನಿಲ್ಲ."

ಬಾಗಿಲಪ್ಪ ಬಾಗಿಲು ಕಳಚಿ ತಲೆಯ ಮೇಲೆ ಹೊತ್ತು ನಡೆದ. ಇಷ್ಟೆಲ್ಲ ಆದ ಮೇಲೂ ಅವನ ತಲೆಗೆ ಏನೂ ಹೊಳೆದಿರಲಿಲ್ಲ. ತೂಕ ಜಾಸ್ತಿಯಾಯಿತೇನೋ, ತೋಪಡಾ ಹೊಡೆದು ಅಂಚು ಹೆರೆದರೆ ಸರಿಹೋದೀತು ಎಂಬುದೇ ಯೋಚನೆ.

ಆ ಕಟ್ಟಡದಲ್ಲಿ ಗಾಳಿಗೆಂದು ಮುಂಬಾಗಿಲುಗಳನ್ನು ಮಲಗುವವರೆಗೂ ತೆರೆದಿಡುತ್ತಿದ್ದರು. ನಡೆಯಬೇಕಾದದ್ದು ನಡೆಯುತ್ತಿದ್ದುದು ಒಳಬಾಗಿಲಿನ ಹಿಂದೆ. ಈಗ ಆ ಬಾಗಿಲೇ ಇಲ್ಲ. ಕನ್ನಡಕದವನು ಗಂಟಲು ಏರಿಸಿದರೆ ಮೆಟ್ಟಿಲ ಮೇಲೆಲ್ಲ ಕೇಳಿಸತೊಡಗಿತು. ಎದುರುಮನೆಯ ಅಜ್ಜಿಗಂತೂ ಸಂಜೆಯ ಕಾಲಕ್ಷೇಪಕ್ಕೆ ಹೊಸ ಜಾಗ ಸಿಕ್ಕಿತು. ದನಿ ಎದ್ದ ಕೂಡಲೇ ಕೋಲೂರಿಕೊಂಡು ಬಂದು, "ಏನಪ್ಪ, ಕರೆದ್ಯಾ?" ಎಂದು ಕೇಳಿ ಕುರ್ಚಿಯಲ್ಲಿ ತಳವೂರುತ್ತಿದ್ದಳು. ಅಜ್ಜಿಯ ಮುಂದೆ ಕೈ ಎತ್ತುವ ಧೈರ್ಯ ಅವನಿಗಿರಲಿಲ್ಲ. ಹೊರಗೆ ಕಳಿಸುವ ಧೈರ್ಯ ಮೊದಲೇ ಇರಲಿಲ್ಲ.

ಸುದ್ದಿ ಹೇಗೆ ಹಬ್ಬಿತೋ, ಬೇಕರಿಯಲ್ಲಿ ಕೆಲಸ ಮಾಡುವ ಎರಡನೇ ಮಹಡಿಯವಳು ಶೆಡ್ಡಿನ ಮುಂದೆ ಬಂದು ನಿಂತಳು. "ಅಣ್ಣಾ, ನಮ್ಮದೂ ಬಿಗಿ." ಆಮೇಲೆ ಅಂಚೆ ಕಚೇರಿಯವಳು. ಆಮೇಲೆ ಹಿಂದಿನ ಬೀದಿಯ ಇಬ್ಬರು, ಅವರ ಬಾಗಿಲನ್ನು ಇವನು ಮಾಡಿಯೂ ಇರಲಿಲ್ಲ. ಒಂದು ದಿನ ಲಾರಿ ಓಡಿಸುವ ಆರಡಿ ಆಳು ಬಂದ. ಮೊಣಕೈಯಲ್ಲಿ ಸುಟ್ಟ ಗಾಯ.

"ನಮ್ಮ ಮನೆ ಬಾಗಿಲೂ..." ಎಂದು ನಿಲ್ಲಿಸಿದ.

"ನಿಮಗೂನಾ? ಇಷ್ಟೆತ್ತರದ ಆಳಿಗೆ?" ಬಾಗಿಲಪ್ಪ ನಕ್ಕುಬಿಟ್ಟ. ಡ್ರೈವರ್ ತನ್ನ ಚಪ್ಪಲಿ ನೋಡುತ್ತ ನಿಂತ, ಆಮೇಲೆ ಹೊರಟುಹೋದ.

ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ಬಾಗಿಲುಗಳು ಗೋಡೆಗೊರಗಿದವು. ಬಾಗಿಲಪ್ಪ ಒಂದೊಂದನ್ನೂ ತಿರುಗಿಸಿ, ಕುಟ್ಟಿ, ಅಂಚಿನ ಮೇಲೆ ಬೆರಳಾಡಿಸಿ ನೋಡಿದ. ಹೆಂಡತಿ ಚಹಾ ತಂದಾಗ ಅವನು ಅವುಗಳ ನಡುವೆ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಒಂದರಲ್ಲೂ ದೋಷ ಇಲ್ಲ ಕಣೇ."

"ದೋಷ ಬಾಗಿಲಲ್ಲಿದೆ ಅಂತ ಯಾರು ಹೇಳಿದ್ದು ನಿಮಗೆ?"

"ಎಲ್ಲಾರೂ."

ಅವಳು ಹಲಗೆಯ ಮೇಲೆ ಕೂತಳು. ಕೂತು ಅವನನ್ನೇ ನೋಡಿದಳು. ಚಹಾ ಅರ್ಧ ಇಳಿಯುವ ಹೊತ್ತಿಗೆ ಬಾಗಿಲಪ್ಪನ ಮುಖದ ಬಣ್ಣವೂ ಇಳಿಯಿತು. "ಜೋರಾಗಿ, ಅವತ್ತು ತಳ್ಳಿದ ಹಾಗೆ" ಎಂದಿದ್ದು ನೆನಪಾಗಿ ಲೋಟ ಕೆಳಗಿಟ್ಟ.

"ಇಷ್ಟೊಂದು ಮನೆಗಳಾ?" ಎಂದ, ಗೋಡೆಯುದ್ದಕ್ಕೂ ಕಣ್ಣು ಹಾಯಿಸಿ.

"ಇಷ್ಟೇ ಅಂದ್ಕೊಂಡ್ರಾ? ಇದು ಕೇಳೋ ಧೈರ್ಯ ಇದ್ದೋರದ್ದು. ನಾನು ಕಂಡಷ್ಟರಲ್ಲಿ ಮೂರ್ನಾಲ್ಕು ಮನೆಗೆ ಒಂದು ಸಿಗುತ್ತೆ. ಓದಿದೋರು, ಓದದೋರು, ಕುಡಿಯೋರು, ನೀರೂ ಸೋಸಿ ಕುಡಿಯೋರು. ಕೇಳಿದ್ರೆ ಬಾಗಿಲು, ಮೆಟ್ಟಿಲು, ಬಚ್ಚಲ ಪಾಚಿ. ನಮ್ಮೂರಷ್ಟು ಪಾಚಿ ಕೆರೇಲೂ ಇಲ್ಲ."

"ನನಗೆ ಗೊತ್ತೇ ಆಗಲಿಲ್ಲವಲ್ಲ."

"ನೀವು ಮನೆಗೆ ಹೋದ್ರೆ ಬಾಗಿಲು ನೋಡ್ತೀರಿ. ಮುಖ ಯಾವಾಗ ನೋಡಿದ್ರಿ?"

ಮರುದಿನ ಅವನು ಮೊದಲು ಹುಡುಕಿಕೊಂಡು ಹೋದದ್ದು ಲಾರಿ ಡ್ರೈವರನ್ನು. ಲಾರಿಯ ಚಕ್ರದ ನೆರಳಲ್ಲಿ ಕೂತು, "ಅವತ್ತು ನಕ್ಕಿದ್ದು ತಪ್ಪಾಯ್ತು. ಯಾರು ಸುಟ್ಟಿದ್ದು?" ಎಂದು ನೇರವಾಗಿ ಕೇಳಿದ. ಡ್ರೈವರ್ ಟೈರಿಗೆ ಸಿಕ್ಕಿಕೊಂಡಿದ್ದ ಕಲ್ಲೊಂದನ್ನು ಕಿತ್ತು, "ಹೆಂಡತಿ" ಎಂದ. "ಹೇಳಿದ್ರೆ ಯಾರು ನಂಬ್ತಾರಣ್ಣ, ಈ ದೇಹ ಇಟ್ಕೊಂಡು?" ಬಾಗಿಲಪ್ಪ ನಂಬಿದ. ಅವನನ್ನು ಹೆಂಡತಿಯ ದವಾಖಾನೆಗೆ ಕರೆದೊಯ್ದು ಪಟ್ಟಿ ಕಟ್ಟಿಸಿದ.

ಕನ್ನಡಕದವನು ಮಾತ್ರ ಬಾಗಿಲಿಗಾಗಿ ತಲೆ ತಿನ್ನತೊಡಗಿದ. ಬಾಗಿಲಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಮರಕ್ಕೆ ಹುಳ ಬಿದ್ದಿದೆ ಸ್ವಾಮಿ."

"ಹೊಸ ಮರಕ್ಕಾ?"

"ಹುಳಕ್ಕೆ ಹೊಸದು ಹಳೇದು ಗೊತ್ತಾಗುತ್ತಾ?"

ಹೀಗೇ ದಿನ ದೂಡಿದ. ಬಾಗಿಲು ತೆಗೆದದ್ದರಿಂದಲೇ ಎಲ್ಲರ ಸಂಸಾರ ಸರಿಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಅಂಚೆಯವಳ ಗಂಡ ಜಗತ್ತೇ ನೋಡಲಿ ಎಂದು ಇನ್ನೂ ಜೋರು ಮಾಡಿದ. ಬೇಕರಿಯವಳು ವಾಪಸು ಬಂದು, "ನನಗೆ ಬಾಗಿಲು ಬೇಕಣ್ಣ, ಒಳಗಡೆ ಚಿಲಕ ಹಾಕಿ ಕೊಡಿ," ಎಂದಳು. ಅವನು ಅವಳ ಬಾಗಿಲನ್ನು ಅಡುಗೆಮನೆಗೆ ಕೂರಿಸಿ, ಗೋದಾಮಿಗೆ ಹಾಕುವಂಥ ಅಗುಳಿಯನ್ನು ಒಳಗಡೆ ಜಡಿದುಬಂದ. ಟೀಚರಮ್ಮ ಒಂದು ಬೆಳಿಗ್ಗೆ, ಗಂಡ ಅಂಗಡಿಗೆ ಹೋದ ಮೇಲೆ, ಶಾಲೆಯ ಹತ್ತಿರದ ಬಾಡಿಗೆ ಕೋಣೆಗೆ ಹೊರಟಳು. ಹಗುರವಾದ ಚೀಲವನ್ನು ಅಜ್ಜಿ ಹಿಡಿದಳು, ಭಾರವಾದದ್ದನ್ನು ಬಾಗಿಲಪ್ಪ.

ಅಂದು ಸಂಜೆ ಹೆಂಡತಿ, "ಊರವರದ್ದೆಲ್ಲ ಆಯ್ತು. ನಿಮ್ಮ ತಂಗಿ ಮನೆಗೆ ಯಾವಾಗ ಹೋಗ್ತೀರಿ?" ಎಂದಳು.

ತಂಗಿ ನಾಲ್ಕಾರು ಬೀದಿಯಾಚೆ ಇದ್ದಳು. ಮದುವೆಯಾದ ವರ್ಷ ಅವಳ ಮನೆಯ ಬಾಗಿಲನ್ನು ಇವನೇ ಆಸೆಪಟ್ಟು ಮಾಡಿಕೊಟ್ಟಿದ್ದ. ಈಗ ಹೋದಾಗ ಮೊದಲ ಸಲ ತಂಗಿಯ ಮುಖ ನೋಡಿದ. ತುಟಿಯ ಅಂಚಿನಲ್ಲಿ ಹೊಸ ಗಾಯ, ಹುಬ್ಬಿನ ಮೇಲೆ ಹಳೆಯದು. ಬಾಗಿಲಪ್ಪನ ಕೈಗೆ ಗೊತ್ತಿದ್ದುದು ಒಂದೇ ಕೆಲಸ, ಬಾಗಿಲಿನ ಸ್ಕ್ರೂ ಬಿಚ್ಚತೊಡಗಿದ.

ತಂಗಿಯ ಗಂಡ ಪೇಪರು ಮಡಚಿ ಎದ್ದುಬಂದ. "ಏನು ಮಾಡ್ತಿದ್ದೀರಿ ಭಾವ?"

"ಈ ಬಾಗಿಲು ನನ್ನ ತಂಗಿಗೆ ಹೊಡೀತಂತೆ. ಮನೆಗೆ ಕರ್ಕೊಂಡು ಹೋಗಿ ವಿಚಾರಿಸ್ತೀನಿ. ಸ್ವಲ್ಪ ಹಿಡ್ಕೊಳ್ಳಿ, ಮೇಲಿನ ಕೀಲು ಬಿಟ್ಟಿದೆ."

ಆತ ಹಿಡಿದುಕೊಂಡ. ಗಟ್ಟಿ ಮರದ ಬಾಗಿಲು, ಎರಡು ಕೈಯೂ ಭುಜವೂ ಬೇಕಾದವು.

ಆಗ ತಂಗಿ ಹೇಳಿದಳು. "ಅಣ್ಣ, ಬಾಗಿಲು ಇಲ್ಲೇ ಇರ್ಲಿ. ನನ್ನನ್ನ ಕರ್ಕೊಂಡು ಹೋಗು."

ಚಪ್ಪಲಿ ಮೆಟ್ಟಿಕೊಂಡಳು. ಗಂಡ "ಏಯ್, ನಿಲ್ಲು" ಎಂದ. ನಿಲ್ಲಿಸಬೇಕಾದರೆ ಬಾಗಿಲು ಬಿಡಬೇಕು, ಬಿಟ್ಟರೆ ಕಾಲ ಮೇಲೆ ಬೀಳುತ್ತದೆ. ಬಾಗಿಲಪ್ಪ ಉಳಿದ ಸ್ಕ್ರೂವನ್ನೂ ಬಿಚ್ಚಿ, ಅದನ್ನು ಜೇಬಿಗಿಳಿಸಿ, ತಂಗಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡ. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದಾಗ ಆತ ಇನ್ನೂ ಬಾಗಿಲನ್ನು ತಬ್ಬಿಕೊಂಡು ನೆರೆಯವರನ್ನು ಕೂಗುತ್ತಿದ್ದ. ಬೇಗ ಯಾರೂ ಬರಲಿಲ್ಲ. ಇಷ್ಟು ವರ್ಷ ಆ ಮನೆಯಿಂದ ಕೂಗು ಕೇಳಿದರೆ ಬರದೇ ಇರುವುದು ಅವರಿಗೆ ರೂಢಿಯಾಗಿಹೋಗಿತ್ತು.

ಠಾಣೆಗೆ ಅತ್ತಿಗೆ ನಾದಿನಿ ಇಬ್ಬರೇ ಹೋಗಿ ದೂರು ಕೊಟ್ಟುಬಂದರು. ಆತ ಕರೆಯಲು ಬಂದಾಗಲೆಲ್ಲ ಅತ್ತಿಗೆಯೇ ಹೊರಗೆ ಬಂದು ಮಾತಾಡಿದಳು, ಕೆಲವು ಸಲವಾದ ಮೇಲೆ ಬರುವುದು ನಿಂತಿತು. ತಂಗಿ ಈಗ ಶೆಡ್ಡಿನಲ್ಲಿ ಪಾಲಿಶ್ ಹೊಡೆಯುತ್ತಾಳೆ. ಅಣ್ಣನ ಬಾಗಿಲುಗಳು ವಿಪರೀತ ಭಾರ ಎಂದು ಗಿರಾಕಿಗಳ ಎದುರಿಗೇ ಹೇಳುತ್ತಾಳೆ. ಬಾಗಿಲಪ್ಪನಿಗೆ ಮೈ ಉರಿಯುತ್ತದೆ. ಅವಳು ಜೋರು ದನಿಯಲ್ಲಿ ವಾದ ಮಾಡುತ್ತಾಳೆ, ಒಮ್ಮೊಮ್ಮೆ ಗೆಲ್ಲುತ್ತಾಳೆ, ಮಧ್ಯಾಹ್ನ ಮರದ ಹೊಟ್ಟಿನ ಮೂಟೆಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಾಳೆ.