ಗಾಳಕ್ಕೆ ಒಂದು ದಿನ ರಜೆ

ಬೆಳಗಿನ ಜಾವ ಎದ್ದು ನೋಡುತ್ತೇನೆ, ನನ್ನ ಮೀನಿನ ಗಾಳ ದೇವರ ಮುಂದೆ ಕೂತಿದೆ. ಕುಂಕುಮ ಇಟ್ಟುಕೊಂಡು, ಸೇವಂತಿಗೆ ಮುಡಿದುಕೊಂಡು.

ಇಟ್ಟವಳು ನನ್ನ ಹೆಂಡತಿ ಸುಶೀಲ. ಈರುಳ್ಳಿ ಹೆಚ್ಚಿದ ಕೈಯಲ್ಲಿ ದೀಪದ ಬತ್ತಿ ಮುಟ್ಟದವಳು.

ಈ ಅಂಕಣ ಓದುತ್ತಾ ಬಂದವರಿಗೆ ನನ್ನ ಮೀನಿನ ಹುಚ್ಚು ಹೊಸದಲ್ಲ. ಹೊಸಬರಿಗಾಗಿ ಎರಡು ಮಾತು. ನಾನು ಅಪ್ಪಟ ಪುಳಿಚಾರು. ಶ್ರೀರಂಗಪಟ್ಟಣದ ನಾಲೆ ದಂಡೆಯಲ್ಲಿ ಬಿದಿರು ಕಡ್ಡಿ, ಹೊಲಿಗೆ ದಾರ, ಬಗ್ಗಿಸಿದ ಗುಂಡುಸೂಜಿ ಹಿಡಿದು ಕೂತಿದ್ದಾಗ ಅಪ್ಪ ಕಿವಿ ಹಿಂಡಿ ಎಳೆದುಕೊಂಡು ಹೋಗಿದ್ದರು. ಹುಚ್ಚು ಅಲ್ಲಿ ಶುರುವಾದದ್ದು, ಅಮೆರಿಕದ ಹೇವರ್ಡಿಗೆ ಬಂದ ಮೇಲೆ ಪೂರ್ತಿ ತಲೆಗೇರಿತು.

ಇಲ್ಲಿ ಬ್ಯಾಸ್ ಅಂತ ಒಂದು ಸಿಹಿನೀರಿನ ಮೀನಿದೆ. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಸಿಟ್ಟು. ನಾನು ಸೇರಿರುವ ಕ್ಲಬ್ಬಿನವರು ಅದನ್ನು ತಿನ್ನುವುದಿಲ್ಲ. ಹಿಡಿಯುತ್ತಾರೆ, ತೂಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ವಾಪಸ್ ನೀರಿಗೆ ಬಿಡುತ್ತಾರೆ. ಪುಳಿಚಾರಿಗೆ ಇದಕ್ಕಿಂತ ಒಳ್ಳೆ ಹವ್ಯಾಸ ಸಿಕ್ಕೀತೆ?

ಸುಶೀಲ ಒಪ್ಪುವುದಿಲ್ಲ. "ತಿನ್ನೋರು ಹಿಡೀಲಿ, ಅದು ಅವರ ಊಟ. ತಿನ್ನೋದೂ ಇಲ್ಲ, ಸುಮ್ಮನೆ ಅದರ ಬಾಯಿ ಚುಚ್ಚಿ ಬಿಡೋದು ಯಾವ ಸೀಮೆ ಆಟಾರೀ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲದ ಗಂಡಸು ಏನು ಮಾಡುತ್ತಾನೆ? ಸಾಮಾನು ಕೊಳ್ಳುತ್ತಾನೆ. ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ. ರಾಡುಗಳು, ರೀಲುಗಳು, ಮೀನನ್ನು ಮರುಳು ಮಾಡಲು ತಿರುಗಿದರೆ ಮಿಂಚುವ ತಗಡಿನ ಚಮಚಗಳು, ನೇರಳೆ ಬಣ್ಣದ ಪ್ಲಾಸ್ಟಿಕ್ ಎರೆಹುಳಗಳು. (ಹುಳಕ್ಕೆ ದ್ರಾಕ್ಷಿ ವಾಸನೆ ಹಾಕಿರುತ್ತಾರೆ. ಮೀನು ದ್ರಾಕ್ಷಿ ತಿಂದದ್ದನ್ನು ಕಂಡವರು ಯಾರೋ ಗೊತ್ತಿಲ್ಲ.)

ಅಂಥ ಸುಶೀಲ ಈ ಸಲ ಆಯುಧಪೂಜೆಗೆ ಹೊಲಿಗೆ ಮಿಷಿನ್ನು, ಟೈಪ್‌ರೈಟರು, ವಿಸಿಆರು ಇವುಗಳ ಸಾಲಿನಲ್ಲಿ ಗ್ಯಾರೇಜಿನ ರಾಡುಗಳ ಸಮೇತ ನನ್ನ ಗಾಳವನ್ನೂ ಕೂರಿಸಿದ್ದಳು. ಮದುವೆಯಾದಾಗಿನಿಂದ ನಡೆದುಬಂದ ಜಗಳಕ್ಕೆ ಅವಳಾಗಿಯೇ ಹಾಡಿದ ಮಂಗಳ ಅದು. ನನಗೆ ನಿಜಕ್ಕೂ ಖುಷಿಯಾಯಿತು. ಅದರ ಹಿಂದೆಯೇ ಪೇಚಿಗೂ ಸಿಕ್ಕಿಕೊಂಡೆ.

ಯಾಕೆಂದರೆ ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿಗೆ ಪುನಃಪೂಜೆ ಆದ ಮೇಲೇ ಎತ್ತಿಕೊಳ್ಳಬೇಕು. ಆಯುಧಪೂಜೆಯ ಈ ಭಾನುವಾರವೇ ಕ್ಲಬ್ಬಿನ ಟೂರ್ನಮೆಂಟು. ಅದಕ್ಕಿಂತ ಹೆಚ್ಚಾಗಿ, ವಾಲ್ಟ್ ತನ್ನ ದೋಣಿಯಲ್ಲಿ ಕೂರುವ ಕೊನೆಯ ದಿನ.

ವಾಲ್ಟ್ ನಮ್ಮ ಪಕ್ಕದ ಮನೆಯವನು. ರಿಟೈರ್ಡ್ ಹಲ್ಲಿನ ಡಾಕ್ಟರು. ನನಗೆ ಬ್ಯಾಸ್ ಹಿಡಿಯುವುದು ಕಲಿಸಿದ್ದು ಅವನೇ. ಈಗ ಕಣ್ಣು ಮಂದವಾಗಿದೆ, ಮಗಳು ಅರಿಜೋನಾಗೆ ಬಾ ಅಂತ ಪಟ್ಟು ಹಿಡಿದಿದ್ದಾಳೆ. ಸೋಮವಾರ ಬೆಳಿಗ್ಗೆ ಯಾರೋ ಬಂದು ದೋಣಿ ಕೊಂಡೊಯ್ಯುವವರಿದ್ದರು. ಭಾನುವಾರ ನಾವಿಬ್ಬರೂ ಜೋಡಿಯಾಗಿ ಟೂರ್ನಮೆಂಟಿಗೆ ಇಳಿಯುವುದು ಅಂತ ಮಾತಾಗಿತ್ತು.

"ಅಯ್ಯೋ, ಅದು ಇವತ್ತೇನಾ?" ಅಂದಳು ಸುಶೀಲ. ಮುಖ ಸಪ್ಪಗಾಯಿತು. ಆಮೇಲೆ, "ಬೇಕಾದ್ರೆ ತೊಗೊಂಡು ಹೋಗಿ" ಅಂದಳು.

ಆ "ಬೇಕಾದ್ರೆ" ಎಂಥದ್ದು ಅಂತ ಮದುವೆಯಾದವರಿಗೆ ಬಿಡಿಸಿ ಹೇಳಬೇಕೇ?

ಬರಿಗೈಯಲ್ಲಿ ಹೊರಟೆ. ಪುಳಿಯೋಗರೆ ಡಬ್ಬಿ ಕೊಟ್ಟಳು, ಮೇಲೊಂದು ಸೇವಂತಿಗೆ. ಕಾರಿಗೂ ಪೂಜೆ ಆಗಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಶಾಸ್ತ್ರಕ್ಕೆ ಪಕ್ಕದ ವಾಲ್ಟ್ ಮನೆ ಮುಂದಕ್ಕೆ ತಂದು ನಿಲ್ಲಿಸಿದೆ. (ಕಾರಿಗೆ ಮಾತ್ರ ಈ ನಿಯಮದಲ್ಲಿ ರಿಯಾಯಿತಿ. ಯಾರು ಕೊಟ್ಟದ್ದು ಅಂತ ಕೇಳಬೇಡಿ.) ಅಲ್ಲಿಂದ ಅವನ ಟ್ರಕ್ಕಿನಲ್ಲಿ, ಹಿಂದೆ ದೋಣಿ ಕಟ್ಟಿಕೊಂಡು.

"ನಿನ್ನ ಸಾಮಾನೆಲ್ಲ ಎಲ್ಲಿ?" ಅಂದ ವಾಲ್ಟ್.

"ಇವತ್ತು ಅದಕ್ಕೆ ರಜೆ" ಅಂದೆ. ಫ್ರೀವೇ ಉದ್ದಕ್ಕೂ ವಿವರಿಸಿದೆ. ದಾರಿಯಲ್ಲಿನ ಬೆಳ್ಳುಳ್ಳಿ ಊರು ಗಿಲ್‌ರಾಯ್ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ನವಮಿ, ದಶಮಿ, ಪುನಃಪೂಜೆ ಎಲ್ಲ ಮುಗಿದಿತ್ತು.

ದೋಣಿ ಕೆರೆಗಿಳಿದ ಮೇಲೆ ತನ್ನದೇ ಇನ್ನೊಂದು ರಾಡು ನನ್ನ ಕೈಗಿಟ್ಟ. ಅದಕ್ಕೆ ಪೂಜೆ ಆಗಿರಲಿಲ್ಲವಲ್ಲ, ತೆಗೆದುಕೊಂಡೆ. ನಮ್ಮ ಪಂಚಾಂಗ ವಾಲ್ಟ್ ರಾಡಿಗೆ ಯಾಕೆ ಅನ್ವಯಿಸಬೇಕು? ಇಬ್ಬರೂ ಎಸೆದೆವು, ಎಳೆದೆವು. ಬಿಸಿಲು ಏರಿದರೂ ಒಂದು ಮೀನೂ ಕಚ್ಚಲಿಲ್ಲ.

ಇದ್ದಕ್ಕಿದ್ದಂತೆ ವಾಲ್ಟ್ ಕೇಳಿದ. "ನಿನ್ನ ಹೆಂಡತಿ ಹೊಲಿಗೆ ಮಿಷಿನ್ನಿಗೂ ರಜೆ ಕೊಟ್ಟಿದ್ದಾಳಾ?"

"ಹೌದು."

"ನನ್ನ ಡ್ರಿಲ್ಲು ಇತ್ತಲ್ಲ, ಕ್ಲಿನಿಕ್ಕಿನಲ್ಲಿ. ನನ್ನ ಜೀವಮಾನವೆಲ್ಲ ದುಡೀತು. ಕ್ಲಿನಿಕ್ ಮುಚ್ಚಿದ ದಿನ ಡಬ್ಬಕ್ಕೆ ಹಾಕಿ ಯಾರಿಗೋ ಕೊಟ್ಟುಬಿಟ್ಟೆ. ಒಂದು ಥ್ಯಾಂಕ್ಸೂ ಹೇಳಲಿಲ್ಲ."

ಅಷ್ಟು ಹೇಳಿ ದಾರ ಸುತ್ತಿಕೊಂಡ. ರಾಡು ಕೆಳಗಿಟ್ಟ. ನನ್ನದನ್ನೂ ಕೇಳಿ ಇಸಿದುಕೊಂಡು ಅದರ ಪಕ್ಕ ಮಲಗಿಸಿದ. ಮೋಟರು ಆರಿಸಿದ. "ನಿಮ್ಮಲ್ಲಿ ದೋಣಿಗೆ ಏನು ಮಾಡ್ತೀರಿ?" ಅಂದ.

ಡಬ್ಬಿಯ ಮೇಲಿನ ಸೇವಂತಿಗೆ ತೆಗೆದು ಮೋಟರಿಗೆ ಸಿಕ್ಕಿಸಿದೆ. ಮಂತ್ರಗಿಂತ್ರ ನನಗೆ ಬರುವುದಿಲ್ಲ. ವಾಲ್ಟ್ ಟೋಪಿ ತೆಗೆದ. ಅವನ ದೋಣಿ ಹೋಗುತ್ತಿರುವುದಕ್ಕೆ ನನಗೆ ಆವತ್ತು ಮೊದಲ ಸಲ ದುಃಖವಾಯಿತು. ಅಲ್ಲಿಯ ತನಕ ಟೂರ್ನಮೆಂಟಿನದೇ ಚಿಂತೆಯಾಗಿತ್ತು.

ಆಮೇಲೆ ಪುಳಿಯೋಗರೆ ತಿಂದೆವು. ಖಾರಕ್ಕೆ ವಾಲ್ಟ್ ಕಣ್ಣಲ್ಲಿ ನೀರು. ಅವನು ಮೊದಲ ಸಲ ಮೀನು ಹಿಡಿದದ್ದು, ಹೆಂಡತಿಯನ್ನು ಒಮ್ಮೆ ಕರೆತಂದು ಮಳೆಯಲ್ಲಿ ನೆನೆಸಿದ್ದು, ಎಲ್ಲ ಹೇಳಿದ. ಇಷ್ಟು ವರ್ಷ ಒಂದೇ ದೋಣಿಯಲ್ಲಿ ಕೂತರೂ ಇದೊಂದೂ ನನಗೆ ಗೊತ್ತಿರಲಿಲ್ಲ. ಮೀನು ಹಿಡಿಯುವವರು ಮಾತಾಡಬಾರದಲ್ಲ, ಮೀನು ಹೆದರುತ್ತದಂತೆ.

ಅಷ್ಟರಲ್ಲಿ ಒಂದು ತಮಾಷೆ ಆಯಿತು. ದೂರದಲ್ಲಿದ್ದ ದೋಣಿಯೊಂದು ನಿಧಾನಕ್ಕೆ ನಮ್ಮ ಕಡೆ ಬಂತು. ಹಿಂದೆಯೇ ಇನ್ನೊಂದು. ಮೂಲೆಯಲ್ಲಿ ಇಬ್ಬರು ಗಾಳ ಕೆಳಗಿಟ್ಟು ಆರಾಮಾಗಿ ಕೂತಿದ್ದಾರೆ ಎಂದರೆ ಏನರ್ಥ? ಬೇಕಾದಷ್ಟು ಸಿಕ್ಕಿಬಿಟ್ಟಿದೆ ಅಂತ. ಮಧ್ಯಾಹ್ನದ ಹೊತ್ತಿಗೆ ನಮ್ಮ ಸುತ್ತ ಸಂತೆ. ಎಲ್ಲರೂ ಸರಸರ ಎಸೆಯುವವರೇ.

"ಗಾಳಕ್ಕೆ ಏನು ಹಾಕಿದ್ರಿ?" ಅಂತ ಒಬ್ಬ ಪಿಸುಮಾತಿನಲ್ಲಿ ಕೇಳಿದ.

"ಹೂವು" ಅಂದ ವಾಲ್ಟ್.

ಆತ ನಂಬಲಿಲ್ಲ. ಗುಟ್ಟು ಬಿಟ್ಟುಕೊಡದ ಮುದುಕ ಅಂದುಕೊಂಡಿರಬೇಕು. (ನಮ್ಮ ಆಫೀಸಿನಲ್ಲೂ ಹೀಗೇ. ಮೇಜು ಖಾಲಿ ಇಟ್ಟುಕೊಂಡು ಸುಮ್ಮನೆ ಕೂತವನನ್ನು ಕಂಡರೆ ಮಿಕ್ಕವರಿಗೆ ತಳಮಳ.)

ಟೂರ್ನಮೆಂಟಿನಲ್ಲಿ ನಮ್ಮದು ಕೊನೆಯ ಸ್ಥಾನ. ವಾಲ್ಟ್‌ಗೆ ಬೇಜಾರಿರಲಿಲ್ಲ. ಮನೆ ತಲುಪಿದ ಮೇಲೆ ದೋಣಿಯ ಅಂಚು ಒಮ್ಮೆ ತಟ್ಟಿ ಒಳಗೆ ಹೋದ.

ಸೋಮವಾರ ಸುಶೀಲ ಪುನಃಪೂಜೆ ಮುಗಿಸಿ, ನನ್ನ ರಾಡುಗಳನ್ನು ತಾನೇ ಎತ್ತಿ ಕೈಗೆ ಕೊಟ್ಟಳು. "ಇನ್ನು ಧಾರಾಳವಾಗಿ ಉಪಯೋಗಿಸಿ" ಅಂದಳು. ಕಿಟಕಿಯಿಂದ ನೋಡಿದೆ. ವಾಲ್ಟ್ ಡ್ರೈವ್‌ವೇ ಆಗಲೇ ಖಾಲಿ. ದೋಣಿ ಹೋಗಿತ್ತು.

"ನಿಮ್ಮ ಕೊನೇ ದಿನ ನಾನು ಹಾಳು ಮಾಡಿದೆ, ಅಲ್ವಾ?" ಅಂದಳು. ಪಾಪ, ರಾತ್ರಿಯೆಲ್ಲ ಅದನ್ನೇ ಕೊರಗಿದ್ದಳಂತೆ.

"ಇಲ್ಲ ಕಣೆ. ಇಷ್ಟು ವರ್ಷದಲ್ಲಿ ಅಷ್ಟು ಒಳ್ಳೆ ದಿನ ಒಂದೂ ಇರಲಿಲ್ಲ. ಗಾಳ ಕೆಳಗಿಟ್ಟು ಸುಮ್ಮನೆ ಕೂತಿದ್ವಿ."

ಅವಳು ನನ್ನನ್ನೇ ನೋಡಿದಳು. ನಿರಾಳವಾಯಿತು ಅಂತ ಕಾಣುತ್ತದೆ, ಹಳೆಯ ದನಿ ವಾಪಸ್ ಬಂತು.

"ಹಾಗಾದ್ರೆ ಇಷ್ಟು ವರ್ಷ ಆ ಬಡಪಾಯಿ ಮೀನಿನ ಬಾಯಿ ಯಾಕ್ರೀ ಚುಚ್ಚಿದ್ರಿ?"