ತಾಟಿನಲ್ಲಿ ಬಂದ ವಾಗ್ದಾನ

ಜನವರಿ ಒಂದರಂದು ನಮ್ಮ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಒಂದು ಸ್ಟೀಲಿನ ತಾಟು ಬರುತ್ತದೆ. ಕಾಣಿಕೆಯ ತಾಟಲ್ಲ. ಅದರಲ್ಲಿ ಸತ್ಯವೇದದ ಒಂದೊಂದು ವಾಗ್ದಾನ ಬರೆದ ಸಣ್ಣ ಕಾರ್ಡುಗಳನ್ನು ಬೋರಲು ಹಾಕಿರುತ್ತಾರೆ. ಕಣ್ಣು ಮುಚ್ಚಿ ಪ್ರಾರ್ಥಿಸಿ ಒಂದನ್ನು ಎತ್ತಬೇಕು. ಕೈಗೆ ಬಂದದ್ದು ಆ ವರ್ಷಕ್ಕೆ ದೇವರು ನಮಗೆಂದೇ ಆಡಿದ ಮಾತು. ಗದಗಿನಲ್ಲಿ ನನ್ನ ಅಜ್ಜಿಯೂ ಹೀಗೆ ಎತ್ತಿದ ಕಾರ್ಡನ್ನು ಜೋಳದ ಹಿಟ್ಟಿನ ಡಬ್ಬಿಗೆ ಅಂಟಿಸಿ ವರ್ಷವಿಡೀ ನೋಡುತ್ತಿದ್ದಳು. ಇದನ್ನು ಲಾಟರಿ ಎಂದು ನಗುವವರಿದ್ದಾರೆ, ನಗಲಿ. ನಾನು ಎಂದೂ ನಕ್ಕವಳಲ್ಲ.

ಪುಣೆಯ ನಮ್ಮ ಕನ್ನಡ ಸಭೆ ಚಿಕ್ಕದು. ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರದೇ ಚರ್ಚಿನಲ್ಲಿ ಮಧ್ಯಾಹ್ನ ಸೇರುತ್ತೇವೆ. ಹೋದ ವರ್ಷ ತಾಟು ಬಂದಾಗ ನಮ್ಮವರು ನನ್ನ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದರು. ಲಿವರ್ ಪೂರ್ತಿ ಕೆಟ್ಟಿದೆ ಎಂದು ಡಾಕ್ಟರರು ಆಗಷ್ಟೇ ಹೇಳಿದ್ದರು. ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ.

ತಾಟು ಹಿಡಿದು ಬಂದವರು ಅಕ್ಕಾರು. ಸಂಡೇ ಸ್ಕೂಲು ನಡೆಸುವ ಹಿರಿಯ ಹೆಂಗಸು, ಸಭೆಗೆಲ್ಲ ಅಕ್ಕಾರೇ. ಕಾರ್ಡುಗಳನ್ನು ಕತ್ತರಿಸಿ ಬರೆಯುವವರೂ ಅವರೇ. ಮದುವೆಯಾಗಿ ಈ ಊರಿಗೆ ಬಂದಾಗ ಮರಾಠಿಯ ಗಂಧಗಾಳಿ ಇಲ್ಲದ ನನ್ನನ್ನು ಕೈ ಹಿಡಿದು ಸಂತೆಗೆ ಕರೆದೊಯ್ದು ಚೌಕಾಸಿ ಕಲಿಸಿದವರು. ಆ ದಿನ ಅವರ ತಾಟಿನಿಂದ ಕಣ್ಣು ಮುಚ್ಚಿ ಒಂದು ಕಾರ್ಡು ಎತ್ತಿದೆ. ಸಾಯದೆ ಬದುಕಿ ದೇವರ ಕೆಲಸಗಳನ್ನು ಸಾರುವೆ ಎಂಬ ಅರ್ಥದ ವಚನ. ಅಲ್ಲಿಯೇ ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕಾರು ನನ್ನ ತಲೆ ಸವರಿ, "ಸ್ತೋತ್ರ ಹೇಳು ತಂಗಿ, ಉತ್ತರ ಬಂತು" ಎಂದರು.

ನಿಗಡಿ ಬಡಾವಣೆಯ ನಮ್ಮ ಮನೆಯಲ್ಲಿ ಆ ಕಾರ್ಡನ್ನು ಫ್ರಿಜ್ಜಿಗೆ ಅಂಟಿಸಿದೆ. ಅಂದಿನಿಂದ ನಮ್ಮವರಿಗೆ ಸಾವಿನ ಮಾತೆತ್ತಲು ಬಿಡಲಿಲ್ಲ.

"ಒಂದು ಮಾತು ಹೇಳೂದದ, ಕೇಳ್ತೀಯೇನು?" ಎನ್ನುತ್ತಿದ್ದರು.

"ಸಾಯೂ ಮಾತಾದ್ರ ಬ್ಯಾಡ್ರಿ. ದೇವರು ಮಾತು ಕೊಟ್ಟಾನ."

"ಆತು ಬಿಡು. ನಿನ್ನ ಕಾರ್ಡಿನ ಮುಂದ ನಂದೇನು ನಡೀತದ" ಎಂದು ನಗುತ್ತಿದ್ದರು.

ಗಣಪತಿ ಹಬ್ಬ ಹತ್ತಿರ ಬಂದು, ಮನೆ ಹಿಂದಿನ ಮೈದಾನದಲ್ಲಿ ಹುಡುಗರು ಢೋಲು ಬಾರಿಸುವ ಅಭ್ಯಾಸ ಶುರುಮಾಡಿದ್ದರು. ಒಂದು ಸಂಜೆ ಕಿಟಕಿ ಮುಚ್ಚಿಸಿ, ನನ್ನನ್ನು ಹಾಸಿಗೆಯ ಮೇಲೆ ಕೂಡಿಸಿಕೊಂಡು, "ಈಗರೆ ಕೇಳು" ಎಂದರು. ನಾನು ಎದ್ದು ಹೋಗಿ ಫ್ರಿಜ್ಜಿನಿಂದ ಕಾರ್ಡು ಕಿತ್ತು ತಂದು ಅವರ ಕೈಯಲ್ಲಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಕಾರ್ಡನ್ನು ನನ್ನ ಕೈಗೇ ಮರಳಿಸಿದರು. ಆ ವಾರವೇ ಆಸ್ಪತ್ರೆಯಲ್ಲಿ ತೀರಿಹೋದರು. ಹೇಳಬೇಕೆಂದಿದ್ದ ಮಾತು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ.

ಮಣ್ಣು ಕೊಟ್ಟು ಬಂದ ದಿನ ಸಭಾಪಾಲಕರು ದೇವರ ಚಿತ್ತ ಎಂದರು. ಇನ್ನೊಬ್ಬರು, "ಪರಲೋಕದಾಗ ಬದುಕ್ಯಾರಲ್ರಿ, ವಚನ ಸುಳ್ಳಾಗಿಲ್ಲ" ಎಂದರು. ಮೈ ಉರಿಯಿತು. ಮನೆ ತೋರಿಸುವಾಗ ಒಂದು ಮಾತು, ಬೀಗದ ಕೈ ಕೊಡುವಾಗ ಒಂದು ಮಾತು ಆಡುವ ದಲಾಲರ ಹಾಗೆ ದೇವರ ಮಾತನ್ನೂ ತಿರುಗಿಸುತ್ತಾರೆ. ಅಂದಿನಿಂದ ಪ್ರಾರ್ಥಿಸುವುದನ್ನು ಬಿಟ್ಟೆ. ಚರ್ಚಿಗೆ ಹೋಗುತ್ತಿದ್ದೆ, ತುಟಿ ಬಿಚ್ಚುತ್ತಿರಲಿಲ್ಲ.

ದೀಪಾವಳಿ ರಜೆಯಲ್ಲಿ ಅಕ್ಕಾರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮನೆಗೆ ಬಂದರು. ನನ್ನಿಂದ ತಡೆಯಲಾಗಲಿಲ್ಲ.

"ದೇವರು ನನ್ನ ನಂಬಿಸಿ ಕುತ್ತಿಗಿ ಕೊಯ್ದಾನ್ರಿ ಅಕ್ಕಾರ. ಸುಳ್ಳು ಹೇಳ್ಯಾನ."

 ಅಕ್ಕಾರು ಸೆರಗು ಬಾಯಿಗೆ ಹಿಡಿದು, "ಹಂಗ ಅನಬ್ಯಾಡ ತಂಗಿ. ಆತನ ಮ್ಯಾಲ ಹೊರಸಬ್ಯಾಡ. ಆ ಕಾರ್ಡು ನಾನೇ ಇಟ್ಟದ್ದು" ಎಂದರು. "ನಿನ್ನ ಮುಂದ ಬಂದಾಗ ಹೆಬ್ಬೆರಳಲೆ ಮುಂದ ಸರಿಸಿದೆ. ನಿನಗ ಧೈರ್ಯ ಬರ್ಲಿ ಅಂತ."

"ಧೈರ್ಯ ಬಂತ್ರಿ. ಭಾಳ ಬಂತು. ಅದಕ್ಕೇ ಅವರ ಮಾತು ಕೇಳ್ಲಿಲ್ಲ."

ಅವರು ಅತ್ತರು. ನಾನು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ರೊಟ್ಟಿ ಗಂಟನ್ನು ಬಿಚ್ಚದೆ ಹಾಗೇ ವಾಪಸು ಕೊಟ್ಟು ಕಳಿಸಿದೆ.

ದೇವರು ಸುಳ್ಳಾಡಿರಲಿಲ್ಲ ಎಂದು ತಿಳಿದ ಮೇಲೆ ನಿರಾಳವಾಗಬೇಕಿತ್ತು. ಎಲ್ಲಿಯ ನಿರಾಳ! ಮೊದಲು ಒಬ್ಬನ ಮೇಲಿದ್ದ ಸಿಟ್ಟು ಈಗ ಇಬ್ಬರ ಮೇಲಾಯಿತು. ಅಕ್ಕಾರ ಹೆಬ್ಬೆರಳು ಸರಿಯುವಾಗ ಆತ ನೋಡುತ್ತಲೇ ಇದ್ದನಲ್ಲ? ಒಂದು ಗಾಳಿ ಬೀಸಿ ಆ ಕಾರ್ಡುಗಳನ್ನು ಚೆಲ್ಲಾಪಿಲ್ಲಿ ಮಾಡಲು ಆತನಿಗೆ ಎಷ್ಟು ಹೊತ್ತು? ಸಭೆಯನ್ನೇ ಬಿಟ್ಟುಬಿಡೋಣ ಎನ್ನಿಸಿತು. ಬಿಡಲಿಲ್ಲ. ಭಕ್ತಿಯಿಂದಲ್ಲ, ಹಟದಿಂದ. ಎದ್ದು ಹೋದರೆ ಜಗಳ ಅಲ್ಲಿಗೇ ಮುಗಿಯುತ್ತದೆ, ನನ್ನದಿನ್ನೂ ಮುಗಿದಿರಲಿಲ್ಲ.

ಈ ವರ್ಷವೂ ಜನವರಿ ಒಂದು ಬಂತು. ಪಕ್ಕದ ಜಾಗ ಖಾಲಿ, ಅಲ್ಲಿ ನನ್ನ ಚೀಲ ಇಟ್ಟುಕೊಂಡಿದ್ದೆ. ಮತ್ತೆ ಅಕ್ಕಾರೇ ತಾಟು ಹಿಡಿದು ಬಂದರು. ನನ್ನ ಮುಂದೆ ನಿಂತು, ಬೆರಳು ಒಳಗೆ ತಾಗದಂತೆ ಎರಡೂ ಅಂಗೈ ಮೇಲೆ ತಾಟು ಇಟ್ಟುಕೊಂಡು, ಮುಖ ಬೇರೆ ಕಡೆ ತಿರುಗಿಸಿದರು.  ನನ್ನ ಕೈಗಳು ಮಡಿಲಲ್ಲೇ ಇದ್ದವು.

"ಬ್ಯಾಡ್ರಿ ಅಕ್ಕಾರ" ಎಂದೆ.

ಅವರು ಒಂದು ಗಳಿಗೆ ನಿಂತು ಮುಂದಿನ ಸಾಲಿಗೆ ಹೋದರು. ಸುತ್ತಲೂ ಎಲ್ಲರೂ ತಮ್ಮ ತಮ್ಮ ಕಾರ್ಡು ತಿರುಗಿಸಿ ಓದತೊಡಗಿದರು. ನಾನು ಕಣ್ಣು ಮುಚ್ಚಿದೆ. ತಿಂಗಳುಗಟ್ಟಲೆ ಬಿಟ್ಟಿದ್ದ ಪ್ರಾರ್ಥನೆಯನ್ನು ಅಂದು ಮಾಡಿದೆ. ಸ್ತೋತ್ರವಿಲ್ಲ, ಬೇಡಿಕೆಯಿಲ್ಲ.

ಏನು ಹೇಳೂದಿದ್ರೂ ನೀನೇ ಬಂದು ಹೇಳು, ಇಲ್ಲೇ ಕುಂತೀನಿ. ಇನ್ನೊಬ್ಬರ ಕೈಯಾಗ ಕೊಟ್ಟು ಕಳಿಸಬ್ಯಾಡ.